ಅಳತೆ ತುಂಬುವ ಚೌಕ

ನಾನು ಯಾದಗಿರಿಯಲ್ಲಿ ಕುಳಿತು ಅಂಗಡಿಕಾರರಿಗೆ ಸಣ್ಣಪುಟ್ಟ ಆ್ಯಪ್ ಮಾಡಿಕೊಡುವವ. ಔಷಧಿ ಅಂಗಡಿ, ಟೈರ್ ಅಂಗಡಿ, ಒಬ್ಬರು ಶಾಮಿಯಾನದವರು, ಹೀಗೆ. ಇವರೆಲ್ಲರ ಬೇಡಿಕೆ ಒಂದೇ: ಅಂಗಡಿಯ ಕಂಪ್ಯೂಟರಿನಲ್ಲಿ ಕಾಣುವುದು ಕೈಯಲ್ಲಿರುವ ಮೊಬೈಲಿನಲ್ಲೂ ಕಾಣಬೇಕು. ಪರದೆಯ ಮೇಲಿನ ಬಟನ್, ಪಟ್ಟಿ, ತಾರೀಖು ಆರಿಸುವ ಕ್ಯಾಲೆಂಡರ್, ಅಂಕಿ ತುಂಬುವ ಚೌಕ, ಇವನ್ನೆಲ್ಲ ನಾವು ಮೊದಲಿನಿಂದ ಮಾಡುತ್ತ ಕೂರುವುದಿಲ್ಲ. ಸಿದ್ಧವಾಗಿಯೇ ಸಿಗುತ್ತವೆ. ಯಾವುದು ಎಲ್ಲಿಗೆ ಎಂದು ಆರಿಸಿ ಜೋಡಿಸುವುದು ನಮ್ಮ ಕಸುಬು. ಹಾಗೆ ಆರಿಸುವುದರಲ್ಲಿ ನನಗೆ ಬಹಳ ಸೊಕ್ಕಿತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶಹಾಪುರದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವವರೊಬ್ಬರು ನನ್ನನ್ನು ಕರೆಸಿದರು. ಒಂದು ಉದ್ದನೆಯ ಹಾಲ್, ಎರಡು ಸಾಲು ಹೊಲಿಗೆ ಮಷೀನು, ಮುಂದೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಪಕ್ಕದಲ್ಲಿ ಮಾಲೀಕರ ಗಾಜಿನ ಕೋಣೆ. ಮೇಜಿನ ಯಜಮಾನಿಕೆ ಕಟಿಂಗ್ ಮಾಸ್ಟರದು. ಮನೆಯಲ್ಲಿ ಉರ್ದು, ಹಾಲಿನಲ್ಲಿ ಕನ್ನಡ, ಎರಡರಲ್ಲೂ ಖಾರ. ಅಳತೆ ತರುವವಳು ಸುರಪುರದ ಕಡೆಯ ಹೆಂಗಸು. ಐವತ್ತರ ಆಸುಪಾಸು. ಕೊರಳಿಗೆ ಟೇಪ್ ಹಾಕಿಕೊಂಡು ಬಸ್ಸು ಹತ್ತಿ ಸಗರ, ದೇವಾಪುರ, ರಾಮಸಮುದ್ರ ಎಂದು ಶಾಲೆ ಶಾಲೆಗೆ ಹೋಗಿ ಮಕ್ಕಳ ಅಳತೆ ಬರೆದುಕೊಂಡು ಬರುತ್ತಿದ್ದಳು. ಶಾಲೆಗಳಲ್ಲಿ ಹೆಡ್‌ಮಾಸ್ತರು ಅವಳಿಗೆ ಕುರ್ಚಿ ಹಾಕಿಸುತ್ತಿದ್ದರು. ಮಕ್ಕಳು ಅವಳನ್ನು ಟೇಪಿನಮ್ಮ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ನಡೆದಿತ್ತು. ಅವಳ ನೋಟುಬುಕ್ಕು ಮೇಜಿಗೆ ತಲುಪಲು ಎರಡು ಮೂರು ದಿನ ಹಿಡಿಯುತ್ತಿದ್ದುದರಿಂದ ಮಾಲೀಕರಿಗೆ ಆ್ಯಪ್ ಬೇಕಾಯಿತು. ಅವಳು ಶಾಲೆಯಲ್ಲೇ ಮೊಬೈಲಿನಲ್ಲಿ ತುಂಬಬೇಕು, ಮಾಸ್ಟರ್ ಆಗಲೇ ಕಂಪ್ಯೂಟರಿನಲ್ಲಿ ನೋಡಿ ಕತ್ತರಿ ಆಡಿಸಬೇಕು.

ಅಳತೆ ತುಂಬಲು ಏನಿಡುವುದೆಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಕೆಳಗೆ ಇಳಿಬೀಳುವ ಪಟ್ಟಿ ಇಟ್ಟರೆ ಕಾಲು ಕಾಲು ಇಂಚಿನಂತೆ ಅದು ಮಾರುದ್ದವಾಗುತ್ತದೆ. ಕಂಪ್ಯೂಟರಿನಲ್ಲಿ ಮೌಸಿಗೆ ಸರಿ, ಮೊಬೈಲಿನಲ್ಲಿ ಹೆಬ್ಬೆರಳು ಸವೆಯುತ್ತದೆ. ಎಳೆದು ಜಾರಿಸುವ ಪಟ್ಟಿ ನೋಡಲು ಚಂದ, ಬೇಕಾದಲ್ಲಿ ಮಾತ್ರ ನಿಲ್ಲುವುದಿಲ್ಲ. ಕೂಡಿಸು ಕಳೆ ಬಟನ್ ಇಟ್ಟರೆ ಒಂದು ಸೊಂಟಕ್ಕೆ ನಲವತ್ತು ಸಲ ಒತ್ತಬೇಕು. ಕೊನೆಗೆ ಬರಿಯ ಅಂಕಿ ತುಂಬುವ ಚೌಕವೊಂದನ್ನು ಇಟ್ಟೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದರಾಯಿತು. ಮೊಬೈಲಿನಲ್ಲಿ ಮುಟ್ಟಿದ ಕೂಡಲೇ ದೊಡ್ಡ ದೊಡ್ಡ ಅಂಕಿಗಳೂ ಒಂದು ಚುಕ್ಕಿಯೂ ಇರುವ ಕೀಲಿಮಣೆ ತಾನೇ ಏಳುತ್ತದೆ. ಎರಡೂ ಕಡೆ ಒಂದೇ ಚೌಕ. ಭೇಷ್ ಎಂದು ನನಗೆ ನಾನೇ ಅಂದುಕೊಂಡೆ.

ಮಾಲೀಕರಿಗೂ ಮಾಸ್ಟರಿಗೂ ಕಂಪ್ಯೂಟರಿನಲ್ಲಿ ತೋರಿಸಿದೆ. “ಮೊಬೈಲಿನ್ಯಾಗ ಹ್ಯಾಂಗ ಕಾಣ್ತದ?” ಎಂದು ಮಾಲೀಕರು ಕೇಳಿದರು. ಪರದೆಯ ಕಿಟಕಿಯನ್ನು ಅಂಗೈಯಗಲಕ್ಕೆ ಕಿರಿದು ಮಾಡಿ, “ಹಿಂಗ ಕಾಣ್ತದ್ರಿ” ಎಂದೆ. ಅವರು ತಲೆಯಾಡಿಸಿದರು. ಮೊಬೈಲ್ ಹಿಡಿಯಬೇಕಾದವಳು ಅಂದು ಸಗರದ ಶಾಲೆಯಲ್ಲಿದ್ದಳು. ಅವಳನ್ನೂ ಕೇಳೋಣ ಎಂದು ಯಾರಿಗೂ ಅನ್ನಿಸಲಿಲ್ಲ. ನನಗಂತೂ ಅನ್ನಿಸಲೇ ಇಲ್ಲ.

ಆ್ಯಪಿನಲ್ಲಿ ಅಳತೆ ಬಂದ ಮೊದಲ ಶಾಲೆಯ ಬಟ್ಟೆಗಳಲ್ಲಿ ಒಂದಷ್ಟು ವಾಪಸು ಬಂದವು. ವಿಚಿತ್ರವೆಂದರೆ ಒಂದೇ ತರಗತಿಯಲ್ಲಿ ಕೆಲವರಿಗೆ ಚಡ್ಡಿ ಹೇಳಿ ಮಾಡಿಸಿದಂತೆ ಕೂತಿತ್ತು, ಕೆಲವರಿಗೆ ಹುಕ್ ಸೇರುತ್ತಿರಲಿಲ್ಲ. ಅಂದು ನಾನು ಪ್ರಿಂಟರ್ ಕೂರಿಸಲು ಶಹಾಪುರಕ್ಕೆ ಹೋಗಿದ್ದೆ. ಮಾಸ್ಟರ್ ಅವಳನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡಿದ್ದ.

“ಅಮ್ಮಾ, ಟೇಪ್ ಹಿಡಿಯಾಕ ಬರ್ತದೋ ಇಲ್ಲೋ?”

“ಬರೋಬ್ಬರಿ ಅಳದೀನ್ರಿ ನಾ.”

“ಹಂಗಾರ ಹುಡುಗೂರು ಎಂಟ್ ದಿನದಾಗ ಉಬ್ಬ್ಯಾರೇನು? ಕಣ್ಣ ಹೋಗ್ಯಾವ ನಿನ್ನವು. ಸುಮ್ನ ಟೇಪ್ ಇಟ್ಟು ಕಾಜಾ ಹಾಕಾಕ ಕುಂದ್ರು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಲೀಕರು ನನ್ನ ಕಡೆ ತಿರುಗಿ ಆ್ಯಪಿನಲ್ಲಿ ಏನಾದರೂ ಗಲತ್ ಆಗಿದೆಯೇ ಎಂದು ಕೇಳಿದರು. “ಆ್ಯಪ್ ತಾನಾಗಿ ಅಂಕಿ ಬದಲ್ ಮಾಡಲ್ರಿ. ಹಾಕಿದ್ದ ಬರ್ತದ” ಎಂದೆ. ಸುಳ್ಳೇನಲ್ಲ. ಅವಳು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಇನ್ನೊಂದು ಶಾಲೆ ನೋಡೋಣ, ಅದೂ ಕೆಟ್ಟರೆ ಗುಂಡಿಯ ತೂತು ಹೊಲಿಯುವ ಕಾಜಾ ಕೆಲಸವೇ ಎಂದು ಮಾಲೀಕರು ತೀರ್ಮಾನ ಕೊಟ್ಟರು. ಅವಳ ಮಟ್ಟಿಗೆ ಅದು ಕುರ್ಚಿಯಿಂದ ಇಳಿದು ಹಾಲಿನ ಮೂಲೆಯಲ್ಲಿ ನೆಲಕ್ಕೆ ಕೂರುವ ಮಾತು.

ಅವಳು ಮರುದಿನವೇ ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಂಡಳು. ಮುಂದಿನ ಶಾಲೆ ದೇವಾಪುರದ್ದು. ಜೊತೆಗೆ ಹೋಗಿ ನೋಡಿಕೊಂಡು ಬನ್ನಿ ಎಂದು ಮಾಲೀಕರು ನನ್ನನ್ನು ಕಳಿಸಿದರು. ಶಾಲೆಯ ಕಟ್ಟೆಯ ಮೇಲೆ ಮಕ್ಕಳು ಸಾಲಾಗಿ ನಿಂತಿದ್ದರು. ಅವಳು ಒಬ್ಬೊಬ್ಬರನ್ನೂ ಎರಡೆರಡು ಸಲ ಅಳೆಯುತ್ತಿದ್ದಳು. ಕನ್ನಡಕ ಮೂಗಿನಿಂದ ಜಾರುತ್ತಿತ್ತು, ಮೊಣಕೈಯಿಂದ ಮೇಲಕ್ಕೆ ತಳ್ಳುತ್ತಿದ್ದಳು. ನಾನು ಅವಳನ್ನು ಬಿಟ್ಟು, ಮೊಬೈಲಿನಲ್ಲಿ ನನ್ನ ಕೀಲಿಮಣೆ ಎಷ್ಟು ಚಂದ ಏಳುತ್ತದೆ ಎಂದು ನೋಡುತ್ತಿದ್ದೆ. ಅವಳು ಒಬ್ಬ ಹುಡುಗಿಯ ಸೊಂಟಕ್ಕೆ ಟೇಪ್ ಹಿಡಿದು, “ಇಪ್ಪತ್ತೆರಡೂವರಿ” ಎಂದು ಗಟ್ಟಿಯಾಗಿ ಓದಿದಳು. ಚೌಕದಲ್ಲಿ ಇಪ್ಪತ್ತೆರಡು ಒತ್ತಿ, ಚುಕ್ಕಿ ಇಟ್ಟು, ಎರಡು ಒತ್ತಿದಳು.

“ಅಮ್ಮಾರ, ಅರ್ಧ ಅಂದ್ರಿ. ಚುಕ್ಕಿ ಮುಂದ ಐದು ಬರಬೇಕಲ್ರಿ?”

“ಐದು ಯಾಕ್ರಿ? ಎರಡು ಗೀಟಲ್ಲೇನು ಅರ್ಧಕ್ಕ?”

ಚೀಲದಿಂದ ಹಳೆಯ ನೋಟುಬುಕ್ಕು ತೆಗೆದು ನನ್ನ ಮುಂದೆ ಹಿಡಿದಳು. ಪುಟದ ತುಂಬ ಅಂಕಿ, ಅಂಕಿಯ ಬಲಕ್ಕೆ ಪುಟ್ಟ ಪುಟ್ಟ ನಿಂತ ಗೀಟು. ಕಾಲಿಂಚಿಗೆ ಒಂದು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. “ನಿಮ್ಮ ಫೋನಿನ್ಯಾಗ ಗೀಟು ಇಲ್ಲ. ಚುಕ್ಕಿ ಅದ. ಅದಕ್ಕ ಚುಕ್ಕಿ ಇಟ್ಟು ಎಷ್ಟು ಗೀಟು ಅಂತ ಹಾಕಾಕತ್ತೇನಿ. ತಪ್ಪೇನ್ರಿ?”

ಆಗ ಹೊಳೆಯಿತು. ಎರಡು ಗೀಟಿನ ಅರ್ಧ ಇಂಚನ್ನು ನನ್ನ ಚೌಕ, ಚುಕ್ಕಿಯ ಮುಂದೆ ಎರಡಂಕಿ ಇರಲೆಂದು ಒಂದು ಸೊನ್ನೆ ಸೇರಿಸಿ, ಶಹಾಪುರದಲ್ಲಿ ಇಪ್ಪತ್ತು ಎಂದು ತೋರಿಸಿತ್ತು. ಶಾಲೆಯಲ್ಲಿ ದಶಮಾಂಶ ಕಲಿತಿದ್ದ ಮಾಸ್ಟರ್ ಅದನ್ನು ಕಾಲಿಂಚಿನ ಹತ್ತಿರ ಎಂದು ಓದಿ ಕತ್ತರಿಸಿದ್ದ. ಮುಕ್ಕಾಲು ಕೂಡ ಮೂವತ್ತಾಗಿ ಹೋಗಿ ಅರ್ಧ ಇಂಚಿನಷ್ಟು ಬಟ್ಟೆ ತಿಂದಿತ್ತು. ಪೂರ್ಣ ಇಂಚಿನ ಮಕ್ಕಳಿಗೆ ಮಾತ್ರ ಸರಿಯಾಗಿತ್ತು. ಅವಳ ಟೇಪೂ ಸರಿ, ಕಣ್ಣೂ ಸರಿ, ಲೆಕ್ಕವೂ ಸರಿ. ಪರದೆಯ ಮೇಲೆ ಗೀಟೇ ಬಂದಿದ್ದರೆ ಮಾಸ್ಟರ್ ಕಣ್ಣು ಮುಚ್ಚಿಕೊಂಡು ಓದುತ್ತಿದ್ದ, ಅಷ್ಟು ವರ್ಷ ಅವಳ ನೋಟುಬುಕ್ಕು ಓದಿದವನೇ ಅವನು.

“ತಪ್ಪೇನಿಲ್ರಿ. ಸ್ವಲ್ಪ ಬದಲ್ ಮಾಡಿಕೊಡ್ತೀನಿ” ಎಂದಷ್ಟೇ ಹೇಳಿದೆ. ಆ ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಚುಕ್ಕಿಯನ್ನು ಕಿತ್ತುಹಾಕಿದೆ. ಪೂರ್ಣ ಇಂಚಿಗೆ ಒಂದು ಚೌಕ, ಅದರ ಕೆಳಗೆ ಬೆರಳಿಗೆ ಸುಲಭವಾಗಿ ಸಿಗುವ ನಾಲ್ಕು ಬಟನ್: ಖಾಲಿ, ಒಂದು ಗೀಟು, ಎರಡು ಗೀಟು, ಮೂರು ಗೀಟು. ಕಂಪ್ಯೂಟರಿನಲ್ಲೂ ಅದೇ ಗೀಟು ಕಾಣುವಂತೆ ಮಾಡಿದೆ. ಊಟದ ಗಂಟೆ ಹೊಡೆಯುವುದರೊಳಗೆ ಮುಗಿಯಿತು. “ಇದು ಛಲೋ ಆತ್ ನೋಡ್ರಿ” ಎಂದು ಅವಳು ನಕ್ಕಳು. ನಿಜ ಹೇಳಲಿಲ್ಲ ನಾನು. ನಾಚಿಕೆಯಾಯಿತು, ಮಾಲೀಕರ ಮುಂದೆ ಹೆಸರು ಕೆಡುವ ಹೆದರಿಕೆಯೂ ಆಯಿತು. ಇನ್ನು ಮುಂದೆ ಸರಿಯಾಗುತ್ತದಲ್ಲ, ಮುಗಿಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ದೇವಾಪುರದ ಬಟ್ಟೆ ಒಂದೂ ವಾಪಸು ಬರಲಿಲ್ಲ. ಚಶ್ಮಾ ಬಂದ ಮೇಲೆ ಸುಧಾರಿಸಿದ್ದಾಳೆ ಎಂದು ಮಾಸ್ಟರ್ ಎಲ್ಲರೆದುರು ಹೇಳಿದನಂತೆ. ಅವಳೂ ನಂಬಿದಳು. ನಾನು ದೇವಾಪುರಕ್ಕೆ ಹೋಗಿ ಬಂದ ಎರಡು ವಾರಕ್ಕೆ ಮಾಲೀಕರು ಫೋನ್ ಮಾಡಿ ಹೊಸ ಹುಡುಗಿಯೊಬ್ಬಳಿಗೆ ಲಾಗಿನ್ ಮಾಡಿಕೊಡಲು ಹೇಳಿದರು. “ರಾಮಸಮುದ್ರಕ್ಕ ಆಕಿ ಹೋಗ್ತಾಳ. ಅಮ್ಮಾರಿಗಿ ವಯಸ್ಸಾತು, ಈಗ ಚಶ್ಮಾದಿಂದ ನಡದದ, ಮುಂದ ಕಣ್ಣಿನ ಭರೋಸಾ ಇಲ್ಲ. ಕಾಜಾಕ್ಕ ಕೂಡ್ಸೀವಿ.”

ಆ ಲಾಗಿನ್ ಮಾಡಲು ನನ್ನಿಂದ ಆಗಲಿಲ್ಲ. ಮರುದಿನ ಬೆಳಿಗ್ಗೆ ಶಹಾಪುರದ ಬಸ್ಸು ಹತ್ತಿದೆ.

ಅವಳು ಮೂಲೆಯಲ್ಲಿ ಕುಳಿತು ಕಾಜಾ ಹಾಕುತ್ತಿದ್ದಳು. ಬಾಗಿಲಾಚೆ ಕರೆದು ಎಲ್ಲವನ್ನೂ ಹೇಳಿದೆ. ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಇದು ಹಾಕ್ಕೊಂಡ್ರ ತಲಿ ತಿರಗತದ ನನಗ. ಆದ್ರೂ ಹಾಕ್ಕೊಂಡೀನಿ. ಎಲ್ರೂ ಕಣ್ಣ ಹೋಗ್ಯಾವ ಅಂದ್ರಲ್ಲ. ನಿಮಗ ಗೊತ್ತಾಗಿ ಎಷ್ಟ್ ದಿನಾ ಆತು?”

“ಹದಿನೈದು ದಿನಾ ಆತ್ರಿ.”

“ಹದಿನೈದ್ ದಿನಾ! ಬಾಯಾಗ ಕಡುಬು ಇಟ್ಕೊಂಡಿದ್ರೇನು?”

ಈಗಲೇ ಕೋಣೆಗೆ ಹೋಗಿ ಮಾಲೀಕರಿಗೆ ಹೇಳುತ್ತೇನೆ ಎಂದೆ.

“ಕೋಣ್ಯಾಗ ಬ್ಯಾಡ. ನನಗ ಎಲ್ಲಿ ನಿಂದರಿಸಿ ಅಂದ್ರೋ ಅಲ್ಲೇ ನಿಂತು ಹೇಳ್ರಿ.”

ಕಟಿಂಗ್ ಮೇಜಿನ ಮುಂದೆ ಹೋಗಿ ನಿಂತೆ. ಗಾಜಿನಾಚೆಯಿಂದ ನನ್ನನ್ನು ಕಂಡು ಮಾಲೀಕರೂ ಕೋಣೆಯಿಂದ ಹೊರಬಂದರು. ಮಷೀನುಗಳು ಒಂದೊಂದಾಗಿ ನಿಂತವು. ಅಳತೆ ತಪ್ಪಿದ್ದು ಅಮ್ಮಾರ ಕೈಯಿಂದಲ್ಲ, ಕಣ್ಣಿನಿಂದಲೂ ಅಲ್ಲ, ನಾನು ಆರಿಸಿಟ್ಟ ಚೌಕದಿಂದ, ಅವರನ್ನು ಕೇಳದೆ ಇಟ್ಟಿದ್ದೆ, ಗೊತ್ತಾದ ಮೇಲೂ ಸುಮ್ಮನಿದ್ದೆ ಎಂದು ಹೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಮಾಸ್ಟರ್ ಕತ್ತರಿ ಕೆಳಗಿಟ್ಟ. “ಯಾ ಅಲ್ಲಾ, ಗೀಟು ನನಗೂ ಬರ್ತಿತ್ತಲ್ರೀ” ಎಂದ. ಮಾಲೀಕರು ಅವಳ ಕಡೆ ನೋಡಿ, ರಾಮಸಮುದ್ರಕ್ಕೆ ನೀವೇ ಹೋಗಿ ಎಂದರು. ಸದ್ಯ, ಮುಗಿಯಿತು ಎಂದು ನಾನು ಚೀಲಕ್ಕೆ ಕೈ ಹಾಕಿದೆ.

“ಇನ್ನೊಮ್ಮಿ ಹೇಳ್ರಿ” ಎಂದಳು ಅವಳು, ನನ್ನ ಮುಖ ನೋಡದೆ. “ಹಿಂದಿನ ಸಾಲಿನವರಿಗಿ ಕೇಳಿಲ್ಲ.”

ಚೀಲ ಕೆಳಗಿಟ್ಟು, ಇನ್ನೊಮ್ಮೆ ಹೇಳಿದೆ.