ಅಲುಗಾಡದ ಅಂಕಿ

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಆಪರೇಟರಮ್ಮ. ನೆಲಮಹಡಿಯ ಟೆಲಿಫೋನ್ ಬೋರ್ಡಿನ ಮುಂದೆ ಹತ್ತೊಂಬತ್ತು ವರ್ಷ ಕೂತು, ಹೆರಿಗೆ ವಾರ್ಡಿಗೆ ಬಂದ ಕರೆಯನ್ನು ಹೆರಿಗೆ ವಾರ್ಡಿಗೂ ಶವಾಗಾರಕ್ಕೆ ಬಂದದ್ದನ್ನು ಶವಾಗಾರಕ್ಕೂ ಒಮ್ಮೆಯೂ ಅದಲುಬದಲಾಗದಂತೆ ಕೊಟ್ಟವಳು. ದನಿ ಕೇಳಿಯೇ ಇವರು ಇಂಥ ಡಾಕ್ಟರು, ಇವತ್ತು ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾರೆ ಎಂದು ಹೇಳಿಬಿಡುತ್ತಿದ್ದಳು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಬೋರ್ಡನ್ನು ಕಿತ್ತು ಗುಜರಿಗೆ ಹಾಕಿದರು. ಅವಳನ್ನು ಎಲ್ಲಿ ಹಾಕುವುದೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಮೂರನೇ ಮಹಡಿಯ ನೆಟ್‌ವರ್ಕ್ ಕೋಣೆಗೆ ಕಳಿಸಿದರು.

ಅಲ್ಲಿ ಗೋಡೆಯ ತುಂಬ ಒಂದು ಪರದೆ. ಆಸ್ಪತ್ರೆಯ ಒಂದೊಂದು ಯಂತ್ರಕ್ಕೂ ಅದರಲ್ಲಿ ಒಂದೊಂದು ಚೌಕ. ಹಸಿರಿದ್ದರೆ ಸರಿ, ಹಳದಿಯಾದರೆ ಎಚ್ಚರಿಕೆ, ಕೆಂಪಾದರೆ ಅಪಾಯ. ಕೆಂಪಾದಾಗ ಸಂಬಂಧಪಟ್ಟವರಿಗೆ ಫೋನ್ ಮಾಡಿ ಹೇಳುವುದಷ್ಟೇ ಅವಳ ಕೆಲಸ. ಮೊದಮೊದಲು ಹಾಯೆನಿಸಿತು. ಕೆಲವು ತಿಂಗಳಾದ ಮೇಲೆ ಅವಳಿಗೊಂದು ಗುಟ್ಟು ತಿಳಿಯಿತು. ಎಷ್ಟೋ ಹಸಿರು ಚೌಕಗಳ ಅರ್ಥ ಯಂತ್ರ ಚೆನ್ನಾಗಿದೆ ಎಂದಲ್ಲ, ಕರೆದರೆ ಓಗೊಡುತ್ತದೆ ಎಂದಷ್ಟೇ.

"ಇದ್ದೀಯಾ ಅಂತ ಕೇಳ್ತೀವಿ, ಇದ್ದೀನಿ ಅನ್ನುತ್ತೆ. ಹೇಗಿದ್ದೀಯಾ ಅಂತ ಯಾರೂ ಕೇಳೋದೇ ಇಲ್ಲವಲ್ಲ ಸರ್," ಎಂದಳು ವಿಭಾಗದ ಮುಖ್ಯಸ್ಥನಿಗೆ.

ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕೆಟ್ಟವನೇನಲ್ಲ. ಹಾಗೆ ಕೇಳಬೇಕಾದರೆ ಪ್ಲಗಿನ್ ಅನ್ನುವ ಸಣ್ಣ ಸಣ್ಣ ಪ್ರೋಗ್ರಾಮು ಬರೆಯಬೇಕು, ಸಿದ್ಧವಾಗಿ ಸಿಗುವ ಪ್ಲಗಿನ್‌ಗಳಿಗೆ ನಮ್ಮ ಹಳೇ ಯಂತ್ರಗಳ ಗುರುತಿಲ್ಲ ಎಂದು ವಿವರಿಸಿದ. ಪುರುಸೊತ್ತಿದ್ದರೆ ನೀವೇ ಕಲಿತು ಬರೆಯಿರಿ ಎಂದೂ ನಗುತ್ತ ಸೇರಿಸಿದ. ಅವನು ತಮಾಷೆಗೆ ಅಂದದ್ದನ್ನು ಅವಳು ಮನಸ್ಸಿನಲ್ಲಿ ಗಂಟುಕಟ್ಟಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅವಳಿಗೆ ಒತ್ತಾಸೆಯಾಗಿ ನಿಂತದ್ದು ಅತ್ತೆ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ತಿದ್ದಲು ಏನೂ ಸಿಗದೆ ದಿನಪತ್ರಿಕೆಯ ಕಾಗುಣಿತ ತಿದ್ದುತ್ತ ಕೂತಿರುತ್ತಿದ್ದರು. ಸಂಜೆ ಅಡುಗೆಮನೆಯ ಮೇಜಿನ ಮೇಲೆ ಸೊಸೆ ಲ್ಯಾಪ್‌ಟಾಪ್ ಬಿಚ್ಚಿದರೆ ಅತ್ತೆ ಕನ್ನಡಕ ಏರಿಸಿ ಪಕ್ಕಕ್ಕೆ ಬಂದು ಕೂರುವರು. ಆ ವಾರಗಳಲ್ಲಿ ಒಲೆ ಗಂಡನ ಪಾಲಿಗೆ ಬಂತು. ಅವನು ಎರಡು ಸಲ ಅನ್ನ ಸೀಯಿಸಿದ, ಎಲ್ಲರೂ ಅದನ್ನೇ ಉಂಡರು.

ಯಂತ್ರಗಳನ್ನು ಮಾತಾಡಿಸಲು ಎಸ್‌ಎನ್‌ಎಂಪಿ ಎಂಬ ಒಂದು ಕಟ್ಟುಪಾಡಿದೆ. ಯಂತ್ರದೊಳಗಿನ ಪ್ರತಿಯೊಂದು ಸಂಗತಿಗೂ ಅದರಲ್ಲಿ ಚುಕ್ಕಿ ಚುಕ್ಕಿಯ ಉದ್ದನೆಯ ಸಂಖ್ಯೆ. ಆ ಸಂಖ್ಯೆ ಹಿಡಿದು ಕೇಳಿದರೆ ಯಂತ್ರ ಉತ್ತರ ಕೊಡುತ್ತದೆ. ಅತ್ತೆ ಅದನ್ನು ನೋಡಿದವರೇ, "ಇದು ಅಂಚೆ ವಿಳಾಸ ಕಣೇ. ದೇಶ, ಊರು, ಬೀದಿ, ಮನೆ, ಕೊನೆಗೆ ಮನೆಯೊಳಗಿನ ಕೋಣೆ," ಎಂದರು. ಅಂದಿನಿಂದ ಸೊಸೆಗೆ ಅದು ಸಲೀಸಾಯಿತು. ಸಂಖ್ಯೆಯಲ್ಲಿ ಒಂದು ಚುಕ್ಕಿ ಬಿಟ್ಟುಹೋದರೂ ಅತ್ತೆಯ ಬೆರಳು ಪರದೆಯ ಮೇಲೆ ಹೋಗಿ ಕೂರುತ್ತಿತ್ತು.

ಮೊದಲು ಬರೆದ ಎರಡು ಪ್ಲಗಿನ್ ಚೆನ್ನಾಗಿ ನಡೆದವು. ಮೂರನೆಯದು ಔಷಧಿ ಉಗ್ರಾಣದ ದೊಡ್ಡ ಫ್ರಿಜ್ಜಿನದು. ಮಕ್ಕಳಿಗೆ ಹಾಕುವ ಲಸಿಕೆಯೆಲ್ಲ ಇರುವುದು ಅದರಲ್ಲೇ. ಎರಡು ಡಿಗ್ರಿಗೆ ಇಳಿಯಬಾರದು, ಎಂಟು ದಾಟಬಾರದು. ಆಪರೇಟರಮ್ಮ ಪ್ಲಗಿನ್ ಹಾಕಿದ ಮರುಗಳಿಗೆಯೇ ಚೌಕ ಕೆಂಪಾಯಿತು. ನಲವತ್ತೆಂಟು ಡಿಗ್ರಿ! ಹಿಂದೆಮುಂದೆ ನೋಡದೆ ಉಗ್ರಾಣಕ್ಕೆ ಫೋನ್ ಮಾಡಿದಳು.

ಉಗ್ರಾಣದ ಫಾರ್ಮಸಿಸ್ಟ್ ಹಳೇ ಕಾಲದ ಮನುಷ್ಯ, ನಿವೃತ್ತಿಗೆ ಹತ್ತಿರವಾದವನು. ಬೇರೆ ಯಾರೇ ಹೇಳಿದ್ದರೂ ಮೊದಲು ಎದ್ದು ಹೋಗಿ ಫ್ರಿಜ್ಜಿನ ಅಂಕಿ ನೋಡುತ್ತಿದ್ದ. ಆದರೆ ಹತ್ತೊಂಬತ್ತು ವರ್ಷ ಆ ದನಿ ಫೋನಿನಲ್ಲಿ ಒಂದು ತಪ್ಪು ಮಾತು ಆಡಿದ್ದಿಲ್ಲ. ನೋಡುವ ಗೋಜಿಗೆ ಹೋಗದೆ ಆಳುಕಾಳನ್ನೆಲ್ಲ ಕೂಗಿ ಕರೆದು ಲಸಿಕೆಯನ್ನಷ್ಟೂ ಐಸ್ ಪೆಟ್ಟಿಗೆಗಳಿಗೆ ತುಂಬಿಸಿದ. ತುಂಬಿಸಿ ಬೆವರೊರೆಸಿಕೊಂಡು ಫ್ರಿಜ್ಜಿನ ಬಾಗಿಲ ಮೇಲೆ ನೋಡುತ್ತಾನೆ, ನಾಲ್ಕು ಪಾಯಿಂಟ್ ಎಂಟು. ಆ ಫ್ರಿಜ್ಜು ದಶಮಾಂಶದ ಚುಕ್ಕಿ ಕಳಿಸುತ್ತಿರಲಿಲ್ಲ. ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿಕೊಳ್ಳಬೇಕಿತ್ತು.

ಅವಳು ಕೆಳಗಿಳಿದು ಹೋಗಿ ಕ್ಷಮೆ ಕೇಳಿದಳು. ಅವನು ರೇಗಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಇನ್ನು ಮೇಲೆ ಫೋನ್ ಮಾಡುವ ಮೊದಲು ಒಂದು ಗುಟುಕು ನೀರು ಕುಡಿಯಮ್ಮ ಎಂದಷ್ಟೇ ಹೇಳಿದ. ವಾರವೊಪ್ಪತ್ತು ಕ್ಯಾಂಟೀನಿನಲ್ಲಿ ಅವಳ ಚಹಾ ಲೋಟ ನೋಡಿದವರೆಲ್ಲ, ನಲವತ್ತೆಂಟು ಡಿಗ್ರಿ ಇದೆಯಾ ಎಂದು ಕೇಳಿದರು. ಪ್ಲಗಿನ್ ತಿದ್ದಿದಳು. ಅತ್ತೆ ಮಾತ್ರ ಮೂರು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದರು. ಹತ್ತರಿಂದ ಭಾಗಿಸುವ ವಿಷಯ ತಮ್ಮ ಕಣ್ಣು ತಪ್ಪಿತಲ್ಲ ಎಂದು ಅವರ ಕೊರಗು.

ಐದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕೂತವಳ ಕಣ್ಣು ಉಗ್ರಾಣದ ಚೌಕದ ಮೇಲೆ ಬಿತ್ತು. ಹಸಿರೇ ಇತ್ತು, ನಾಲ್ಕು ಪಾಯಿಂಟ್ ಎಂಟು. ಬೆಳಿಗ್ಗೆ ಬಂದಾಗಲೂ ಅಷ್ಟೇ ಇದ್ದ ನೆನಪು. ಅಂಕಿಯ ಏರಿಳಿತ ತೋರಿಸುವ ಹಿಂದಿನ ದಿನಗಳ ಗೆರೆ ತೆಗೆದು ನೋಡಿದಳು. ಬಾಗಿಲು ತೆರೆದಾಗಲೆಲ್ಲ ಗೆರೆ ಏರುತ್ತಿತ್ತು, ಮುಚ್ಚಿದ ಮೇಲೆ ಇಳಿಯುತ್ತಿತ್ತು. ಇವತ್ತು ಮಾತ್ರ ಒಂಬತ್ತೂವರೆಯಿಂದ ಅಳತೆಪಟ್ಟಿ ಇಟ್ಟು ಎಳೆದಂತೆ ನೆಟ್ಟಗಿತ್ತು.

ಮುಖ್ಯಸ್ಥನಿಗೆ ತೋರಿಸಿದಳು. ಹಸಿರಿದೆಯಲ್ಲ ಮೇಡಂ, ಅದಕ್ಕಿಂತ ಇನ್ನೇನು ಬೇಕು ಎಂದ. ಅವನು ಹೇಳಿದ್ದರಲ್ಲೂ ತಪ್ಪೇನಿರಲಿಲ್ಲ. ಅವಳು ಫೋನಿಗೆ ಕೈ ಚಾಚಿದಳು, ನಲವತ್ತೆಂಟು ನೆನಪಾಗಿ ಕೈ ಹಿಂದಕ್ಕೆ ಬಂತು. ಇನ್ನೊಮ್ಮೆ ನಗೆಪಾಟಲಾದರೆ ತನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸುಮ್ಮನಿದ್ದರೂ ಯಾರೂ ಕೇಳುವವರಿರಲಿಲ್ಲ. ಐದು ನಿಮಿಷ ಹಾಗೇ ಕೂತಳು. ಆಮೇಲೆ ಎದ್ದು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೊರಟಳು.

ಫಾರ್ಮಸಿಸ್ಟ್ ಚೀಟಿಗಳ ನಡುವೆ ಕೂತಿದ್ದ. ಬೆಳಗಿಂದ ಬಾಗಿಲು ಎಷ್ಟು ಸಲ ತೆಗೆದಿರಿ ಎಂದು ಕೇಳಿದಳು. ಮೂವತ್ತು ಸಲವಾದರೂ ಆಗಿರಬಹುದು, ಇವತ್ತು ಲಸಿಕೆ ಹಾಕುವ ದಿನ ಅಲ್ಲವೇ ಎಂದ.

"ಮೂವತ್ತು ಸಲ ತೆಗೆದ್ರೂ ಅಂಕಿ ಒಂದಿಷ್ಟೂ ಅಲ್ಲಾಡಿಲ್ಲ ಅಣ್ಣ. ನನ್ನ ಲೆಕ್ಕ ಈ ಸಲಾನೂ ತಪ್ಪಿರಬಹುದು. ಆದರೂ ಒಂದ್ಸಲ ನೋಡೋಣ."

ಅವನು ಅವಳ ಮುಖವನ್ನೊಮ್ಮೆ, ಫ್ರಿಜ್ಜಿನ ಬಾಗಿಲ ಮೇಲಿನ ಅಂಕಿಯನ್ನೊಮ್ಮೆ ನೋಡಿದ. ಮೇಜಿನ ಖಾನೆಯ ತಳದಿಂದ ಹಳೆಯ ಗಾಜಿನ ಥರ್ಮಾಮೀಟರ್ ತೆಗೆದು, ಒಳಗಿಟ್ಟು ಬಾಗಿಲು ಹಾಕಿದ. ಹತ್ತು ನಿಮಿಷ ಕಾದರು. ತೆಗೆದು ನೋಡಿದರೆ ಏಳು ಪಾಯಿಂಟ್ ನಾಲ್ಕು.

"ಇನ್ನೊಂದು ಗಂಟೆ ಆಗಿದ್ರೆ ಅಷ್ಟೂ ಚರಂಡಿ ಪಾಲಾಗ್ತಿತ್ತು," ಎಂದ ಅವನು ತಗ್ಗಿದ ದನಿಯಲ್ಲಿ. ಮತ್ತೆ ಐಸ್ ಪೆಟ್ಟಿಗೆಗಳು ಬಂದವು. ಈ ಸಲ ಅವಳೂ ತೋಳೇರಿಸಿ ತುಂಬಿಸಲು ನಿಂತಳು.

ಮೆಕ್ಯಾನಿಕ್ ಬಂದು ಫ್ರಿಜ್ಜನ್ನು ಗೋಡೆಯಿಂದ ಎಳೆದಾಗ ಕಾರಣ ಸಿಕ್ಕಿತು. ಬೆಳಿಗ್ಗೆ ಬಂದ ರಟ್ಟಿನ ಪೆಟ್ಟಿಗೆಗಳನ್ನು ಯಾರೋ ಅದರ ಹಿಂದಕ್ಕೆ ತುರುಕಿದ್ದರು. ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚಿತ್ತು. ಶಾಖ ಅಳೆಯುವ ತಂತಿಯೂ ಅವುಗಳ ಒತ್ತಡಕ್ಕೆ ಕಳಚಿಕೊಂಡಿತ್ತು. ತಂತಿ ಕಳಚಿದ್ದು ಗೊತ್ತಾಗದ ಯಂತ್ರ ತನಗೆ ಕೊನೆಯದಾಗಿ ಗೊತ್ತಿದ್ದ ಅಂಕಿಯನ್ನೇ ಬಾಗಿಲ ಮೇಲೂ ಪರದೆಯ ಮೇಲೂ ಒಪ್ಪಿಸುತ್ತಿತ್ತು.

ಆ ವಾರ ಅವಳು ಪ್ಲಗಿನ್ನಿಗೆ ಹೊಸ ಸಾಲುಗಳನ್ನು ಸೇರಿಸಿದಳು. ಹಗಲು ಹೊತ್ತಿನಲ್ಲಿ ನಲವತ್ತು ನಿಮಿಷ ಅಂಕಿ ಒಂದೇ ಕಡೆ ನಿಂತರೆ ಹಸಿರೂ ಬೇಡ, ಕೆಂಪೂ ಬೇಡ, 'ಗೊತ್ತಿಲ್ಲ' ಎಂದು ಹೇಳಲಿ. ಹಾಗೆ ಹೇಳಲೆಂದೇ ಆ ವ್ಯವಸ್ಥೆಯಲ್ಲಿ ನೇರಳೆ ಬಣ್ಣವೊಂದಿತ್ತು. ಆ ಕೋಣೆಯಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ಮುಖ್ಯಸ್ಥ ಹಿಂಜರಿದ. ಮೇಲಿನವರು ಬಂದಾಗ ಗೋಡೆಯ ಮೇಲೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ಕಂಡರೆ ನಮ್ಮ ಮರ್ಯಾದೆ ಏನಾಗಬೇಕು ಎಂದ.

"ಡಾಕ್ಟರು ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲದಾಗ ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅಂತಿದ್ದೆ ಸರ್. ಇದ್ದಾರೆ ಅಂದುಬಿಟ್ಟಿದ್ರೆ ರೋಗಿ ಬಾಗಿಲಲ್ಲಿ ಕಾಯ್ತಾ ಕೂತಿರ್ತಿದ್ದ."

ಅವನು ಕೊನೆಗೆ, ಹಾಕಿ ಎಂದ. ಅದೇ ಸಾಲುಗಳನ್ನು ಬೇರೆ ಯಂತ್ರಗಳಿಗೂ ಹಾಕಿದ ಆ ತಿಂಗಳಲ್ಲಿ ನೇರಳೆ ಬಣ್ಣ ಇನ್ನೂ ಎರಡು ಕಡೆ ಕಂಡಿತು. ಎರಡೂ ಕಡೆ ತಂತಿಯೇ ಸಡಿಲವಾಗಿತ್ತು.

ಅಂದಿನಿಂದ ಆಪರೇಟರಮ್ಮ ಒಂದು ಪದ್ಧತಿ ಇಟ್ಟುಕೊಂಡಳು. ಯಾವ ಯಂತ್ರಕ್ಕೆ ಪ್ಲಗಿನ್ ಬರೆಯಬೇಕೋ ಅದರ ಹತ್ತಿರ ಮೊದಲು ಅರ್ಧ ದಿನ ಹೋಗಿ ಕೂರುವುದು. ರಕ್ತನಿಧಿಯವರು ಅವಳನ್ನು ಕಂಡು, ತನಿಖೆಗೆ ಬಂದಿದ್ದೀರಾ ಎಂದು ಗಾಬರಿಯಾದರು. ಆಮ್ಲಜನಕದ ಟ್ಯಾಂಕಿನವನು ಮಾತ್ರ ಏನೂ ಕೇಳದೆ ಒಂದು ಸ್ಟೂಲು ಹಾಕಿಕೊಟ್ಟ. ಅಲ್ಲಿ ಕೂತು ನೋಡುತ್ತಿದ್ದಾಗ, ಹೊರಗೆ ಲಾರಿ ಹೋದಾಗಲೆಲ್ಲ ಮಾಪಕದ ಮುಳ್ಳು ಸಣ್ಣಗೆ ನಡುಗುವುದು ಅವಳ ಕಣ್ಣಿಗೆ ಬಿತ್ತು. ಟ್ಯಾಂಕಿನವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತಂತೆ, ಯಾರೂ ಕೇಳಿರಲಿಲ್ಲವಂತೆ. ಆ ನಡುಕವನ್ನು ಅಪಾಯವೆಂದುಕೊಳ್ಳದಂತೆ ಅದಕ್ಕೂ ಜಾಗವಿಟ್ಟು ಪ್ಲಗಿನ್ ಬರೆದು ಮುಗಿಸಲು ಅತ್ತೆ ಸೊಸೆಯರಿಗೆ ಎರಡು ವಾರ ಹಿಡಿಯಿತು.