ಜಹಾಜಿನಲ್ಲಿ ಸುಬೇದಾರರಿಲ್ಲ

ನಮ್ಮ ಮಾವನವರ ಎಡಗಾಲಿಗೆ ಮೂರೇ ಬೆರಳು. ಉಳಿದೆರಡನ್ನು ಉತ್ತರದ ಹಿಮದಲ್ಲಿ ಬಿಟ್ಟು ಬಂದಿದ್ದರು. ಏಪ್ರಿಲ್ ತಿಂಗಳಲ್ಲಿ ರಾಣೆಬೆನ್ನೂರಿನ ಗಂಡಸರೆಲ್ಲ ಬನಿಯನ್ನಿನ ಮೇಲೆ ಕಟ್ಟೆಗೆ ಬಂದು ಕುಳಿತಿದ್ದರೆ ಇವರ ಕಾಲಿಗೆ ಮಾತ್ರ ಉಣ್ಣೆಯ ಕಾಲುಚೀಲ. ಆ ಎರಡೂ ಕಾಲುಗಳನ್ನು ಟಿ.ವಿ. ಮುಂದೆ ಜೋಡಿಸಿಟ್ಟು, ಬೆನ್ನು ಕುರ್ಚಿಗೆ ತಾಗದಂತೆ ಕುಳಿತರೆಂದರೆ ನನ್ನ ಭಾನುವಾರ ಕೆಟ್ಟಿತೆಂದೇ ಅರ್ಥ.

ನಾನಾಗ ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವಾರವಿಡೀ ಬಸ್ಸಿನಲ್ಲಿ ಓಡಾಟ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿ ಹತ್ತಿರ ಬರುತ್ತಿದ್ದಂತೆ ಕಂಡಕ್ಟರನಿಂದ ಹಿಡಿದು ಎಲ್ಲರೂ ಸೀನಲು ಶುರುಮಾಡುತ್ತಿದ್ದರು. ಭಾನುವಾರ ಬೆಳಿಗ್ಗೆ ಒಂದೇ ಒಂದು ತಾಸು ನನ್ನದು ಅಂತ ಇತ್ತು. ಆಗ ಹಿಂದಿಗೆ ಡಬ್ ಆದ ಒಂದು ಅಂತರಿಕ್ಷದ ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಓಡುವ ಯುದ್ಧದ ಜಹಾಜು, ಅದರಲ್ಲೊಬ್ಬ ಎಳೆಯ ಲೆಫ್ಟಿನೆಂಟ್. ನನಗೆ ಅದೊಂದು ಹುಚ್ಚು.

ಮಾವನವರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಸುಬೇದಾರನೆಂದರೆ ಅಧಿಕಾರಿಗಳಿಗೂ ಜವಾನರಿಗೂ ನಡುವಿನ ಮನುಷ್ಯ. ತರಬೇತಿ ಮುಗಿಸಿ ನೆಟ್ಟಗೆ ಬಂದಿಳಿದ ಹುಡುಗ ಲೆಫ್ಟಿನೆಂಟನಿಗೆ ಸಲ್ಯೂಟ್ ಹೊಡೆಯಬೇಕಾದವನೂ ಅವನೇ, ಮಂದಿಯ ಮುಂದೆ ಮರ್ಯಾದೆ ಹೋಗದಂತೆ ಅವನಿಗೆ ಕೆಲಸ ಕಲಿಸಬೇಕಾದವನೂ ಅವನೇ. ಹೀಗಾಗಿ ಅವರು ಧಾರಾವಾಹಿಯ ಲೆಫ್ಟಿನೆಂಟನನ್ನು ಕಥೆಯ ಹೀರೋ ಅಂತ ನೋಡುತ್ತಲೇ ಇರಲಿಲ್ಲ. ತಮ್ಮ ಕಂಪನಿಗೆ ಹೊಸದಾಗಿ ಬಂದ, ಯಾರೂ ಬುದ್ಧಿ ಹೇಳದ ಹುಡುಗನಂತೆ ನೋಡುತ್ತಿದ್ದರು.

“ಇಷ್ಟ ದೊಡ್ಡ ಜಹಾಜಿನಾಗ ಒಬ್ಬನಾದ್ರೂ ಸುಬೇದಾರ ಇಲ್ಲೇನ?” ಎನ್ನುವುದು ಪ್ರತಿ ವಾರದ ಪ್ರಶ್ನೆ. ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ. ಇವರಿಗೆ ಅಡಿಗೆ ಮಾಡುವವರು ಯಾರು? ರಾತ್ರಿ ಪಹರೆ ಯಾರದು? ದೊಡ್ಡ ಸಾಹೇಬ, ಸಣ್ಣ ಸಾಹೇಬ ಇಬ್ಬರೂ ಗೊತ್ತಿಲ್ಲದ ಗ್ರಹಕ್ಕೆ ಒಟ್ಟಿಗೆ ಇಳಿದರೆ ಹಿಂದೆ ಜಹಾಜು ಯಾರ ಕೈಯಲ್ಲಿ? ಲೆಫ್ಟಿನೆಂಟ್ ಎದೆ ಉಬ್ಬಿಸಿ ಭಾಷಣ ಶುರುಮಾಡಿದ ಕೂಡಲೇ, ಗುಂಡು ಹಾರುವಾಗ ಇಷ್ಟುದ್ದದ ಮಾತನ್ನು ಯಾರು ನಿಂತು ಕೇಳುತ್ತಾರೆ ಎಂದು ತಲೆ ಕೊಡವುತ್ತಿದ್ದರು. ಅಷ್ಟರಲ್ಲಿ ಅಲ್ಲಿ ಏನು ನಡೆಯಿತೆಂಬುದು ನನಗೆ ತಪ್ಪಿಹೋಗುತ್ತಿತ್ತು.

ಒಂದು ಭಾನುವಾರ ಆ ಲೆಫ್ಟಿನೆಂಟ್ ಮೇಲಿನವರ ಹುಕುಂ ಮೀರಿ ಒಬ್ಬನೇ ಶತ್ರುಗಳ ಜಹಾಜಿಗೆ ನುಗ್ಗಿದ. ಹಿಂದಿನ ವಾರವಷ್ಟೇ ಅವನ ಜೊತೆಯವರು ಮೂರು ಜನ ಸತ್ತಿದ್ದರು. ಈ ವಾರ ಅವರ ಸುದ್ದಿಯೇ ಇಲ್ಲ, ಅವನು ನಗುತ್ತ ಗೆದ್ದು ಬಂದ. ಮಾವನವರು ಎದ್ದು ಟಿ.ವಿ. ಬಂದ್ ಮಾಡಿದರು. ಇನ್ನೂ ಹತ್ತು ನಿಮಿಷದ ಕಥೆ ಬಾಕಿ ಇತ್ತು. ಮದುವೆಯಾಗಿ ಬಂದಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

“ಮಾವಾರ, ಅದು ಕತಿ ಐತ್ರಿ. ಕತಿ ನೋಡಾಕರ ಬಿಡ್ರಿ.”

“ಸತ್ತವರ ಮನಿಗೆ ಯಾರ ಹೋಗಿದ್ರು?” ಎಂದರು. ಕೋಪವಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು.

ಅವತ್ತು ಕುರ್ಚಿಯಲ್ಲಿ ಕುಳಿತು ಹೇಳಿದ್ದನ್ನು ಅದಕ್ಕೆ ಮೊದಲೂ ಆಮೇಲೂ ಅವರು ಹೇಳಿದ್ದಿಲ್ಲ. ಹಿಮದ ಠಾಣೆಯಲ್ಲಿ ಒಬ್ಬ ಜವಾನ ಹಿಮಗಡ್ಡೆಯ ಆಳವಾದ ಬಿರುಕಿನೊಳಗೆ ಬಿದ್ದನಂತೆ. ಹೊಸ ಲೆಫ್ಟಿನೆಂಟ್ ತಾನೇ ಇಳಿಯುತ್ತೇನೆಂದು ಹಗ್ಗಕ್ಕೆ ಕೈಹಾಕಿದ. ಮಾವನವರು ಅವನ ಬೆಲ್ಟು ಹಿಡಿದು ನಿಲ್ಲಿಸಿ, ನೀವೂ ಹೋದರೆ ಉಳಿದವರನ್ನು ನೋಡುವವರು ಯಾರು ಎಂದು ಕೇಳಿದರು. ಹುಡುಗ ಕೆಂಡವಾದ, ಆದರೆ ನಿಂತ. ಹಗ್ಗದಲ್ಲಿ ಪಳಗಿದ ಇಬ್ಬರು ಇಳಿದು ಎತ್ತಿ ತಂದರೂ ಜವಾನ ಉಳಿಯಲಿಲ್ಲ. ಮೊದಲ ರಜೆ ಸಿಕ್ಕಾಗ ಲೆಫ್ಟಿನೆಂಟ್ ತನ್ನ ಮನೆಗೆ ಹೋಗದೆ, ಮಾವನವರನ್ನು ಕರೆದುಕೊಂಡು ಸತ್ತವನ ಹಳ್ಳಿಗೆ ಹೋದ.

“ಅವರವ್ವ ಊಟಕ್ಕ ನೀಡಿದಳು,” ಎಂದರು ಮಾವನವರು. “ಸಾಹೇಬ್ರು ಬ್ಯಾಡ ಅನ್ನಲಿಲ್ಲ. ನೀಡಿದಷ್ಟೂ ಉಂಡ್ರು.”

ಇಷ್ಟಾದಮೇಲೆ ಮನುಷ್ಯ ಸುಮ್ಮನಾಗಬೇಕಲ್ಲ? ಮುಂದಿನ ಭಾನುವಾರ ತಾವೇ ಟಿ.ವಿ. ಹಚ್ಚಿ, ಮತ್ತೆ ಸುಬೇದಾರನನ್ನು ಹುಡುಕಲು ಕುಳಿತರು.

ಮುಂದೆ ಚುನಾವಣೆ ಬಂತು. ಐರಣಿ ಕಡೆಯ ಒಂದು ಹಳ್ಳಿಯ ಮತಗಟ್ಟೆಗೆ ನನ್ನನ್ನು ಮುಖ್ಯಾಧಿಕಾರಿ ಮಾಡಿ ಹಾಕಿದರು. ನನ್ನ ಕೈಕೆಳಗಿನವರೆಲ್ಲ ನನಗಿಂತ ದೊಡ್ಡವರು. ಅವರಲ್ಲೊಬ್ಬ ವಯಸ್ಸಾದ ಗುಮಾಸ್ತರು ನನ್ನ ಮುಖ ನೋಡಿಯೇ ಮೂಗು ಮುರಿದಿದ್ದರು. ಹೊರಡುವಾಗ ಮಾವನವರು, ಎಲ್ಲರೂ ಉಂಡರೋ ಇಲ್ಲವೋ ನೋಡಿ ಆಮೇಲೆ ಉಣ್ಣು ಎಂದರು. ಮತಗಟ್ಟೆ ಅಂದರೆ ಯುದ್ಧವಲ್ಲ ಎಂದು ಗೊಣಗುತ್ತಲೇ ಬಸ್ಸು ಹತ್ತಿದೆ.

ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ಅವಳ ಹೆಸರಿನ ಮತ ಆಗಲೇ ಬಿದ್ದುಹೋಗಿತ್ತು. ಬೆಳಿಗ್ಗೆ ಯಾರೋ ಬಂದಾಗ ಗುಮಾಸ್ತರು ಗುರುತಿನ ಚೀಟಿ ಸರಿಯಾಗಿ ನೋಡದೆ ಒಳಗೆ ಬಿಟ್ಟಿದ್ದರು. ಅವಳ ಕಡೆಯವರು ಬಾಗಿಲಿಗೆ ಮುತ್ತಿಕೊಂಡು, ಬಿಟ್ಟವನನ್ನು ಹೊರಗೆ ಕಳಿಸಿ ಎಂದು ಕೂಗತೊಡಗಿದರು. ಗುಮಾಸ್ತರ ಕೈ ನಡುಗುತ್ತಿತ್ತು. ನಾನು ಎದ್ದು ನಡುವೆ ನಿಂತೆ. ಭಾಷಣ ಬಾಯಿಗೆ ಬರಲಿಲ್ಲ.

“ಇಲ್ಲಿ ಆದದ್ದಕ್ಕೆಲ್ಲ ನಾನ ಹೊಣಿ,” ಎಂದೆ. “ಏನ ಕೇಳೂದಿದ್ರೂ ನನ್ನ ಕೇಳ್ರಿ.”

ಇಂಥ ಪ್ರಸಂಗದಲ್ಲಿ ಬೇರೆ ಮತಪತ್ರ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಕೊಟ್ಟು ಅವಳ ಮತ ಪಡೆದಮೇಲೆ ಗುಂಪು ಕರಗಿತು. ಮೇಲಧಿಕಾರಿ ಬಂದು ತಪ್ಪು ಯಾರದೆಂದು ಕೇಳಿದಾಗಲೂ ನನ್ನದೆಂದೇ ಹೇಳಿದೆ. ಪರಿಣಾಮ, ಹಾವೇರಿಗೆ ಬಂದು ವಿವರಣೆ ಕೊಡಬೇಕೆಂದು ನೋಟಿಸು.

ಕೆಲಸ ಹೋಗುತ್ತದೆಂದೇ ನನ್ನ ಹೆದರಿಕೆ. ಮಾವನವರು ಇಸ್ತ್ರಿ ಮಾಡಿದ ಷರ್ಟು ತೊಟ್ಟು ಜೊತೆಗೆ ಬಂದರು. ನಾನು ಒಳಗಿದ್ದಷ್ಟು ಹೊತ್ತೂ ಆಫೀಸಿನ ವರಾಂಡದಲ್ಲಿ ನಿಂತೇ ಇದ್ದರಂತೆ. ಅಧಿಕಾರಿಗಳು ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾವನವರು ಒಂದು ಒಳ್ಳೆಯ ಮಾತು ಆಡುತ್ತಾರೆಂದು ಕಾಯುತ್ತಿದ್ದೆ. ಗಲಾಟೆಯಾಗುವಾಗ ಗುಮಾಸ್ತರು ಎಲ್ಲಿದ್ದರು ಎಂದು ಕೇಳಿದರು. ನಡುಗುತ್ತ ನನ್ನ ಹಿಂದೆ ನಿಂತಿದ್ದರು ಎಂದೆ.

“ನಡಗೂ ಮನಷ್ಯಾನ್ನ ನಿಂದ್ರಸಬಾರ್ದ ಯವ್ವಾ. ಮೊದಲ ಕುಂದ್ರಸಬೇಕಿತ್ತು.”

ಮೋಟೆಬೆನ್ನೂರು ದಾಟುವವರೆಗೂ ನಾನು ಕಿಟಕಿಯಾಚೆಗೇ ಮುಖ ಮಾಡಿ ಕುಳಿತಿದ್ದೆ. ಸಿಟ್ಟಿನಿಂದ ಕಣ್ಣು ತುಂಬಿತ್ತು. ಅವರು ಹೇಳಿದ್ದು ಸರಿ ಎಂಬುದೇ ಹೆಚ್ಚು ಉರಿಸುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರ ಪುಪ್ಪುಸ ಸೋತಿತು. ಹಾವೇರಿಯ ಆಸ್ಪತ್ರೆಯೊಂದರಲ್ಲಿ ಸೇರಿಸಿದೆವು. ಆಗತಾನೇ ಓದು ಮುಗಿಸಿದ ಡಾಕ್ಟರ ಹುಡುಗನೊಬ್ಬ ಸಲೈನಿನ ಸೂಜಿ ಚುಚ್ಚಲು ಬಂದು ಮತ್ತೆ ಮತ್ತೆ ತಪ್ಪಿದ. ಹಣೆಯಲ್ಲಿ ಬೆವರು. ನಾನು ಬೈಯಲು ಬಾಯಿ ತೆರೆದೆ. ಮಾವನವರು ಕಣ್ಣಲ್ಲೇ ತಡೆದರು. ಉಸಿರು ಸಾಲದಿದ್ದರೂ ಮೆಲ್ಲಗೆ ಹೇಳಿದರು:

“ಅವಸರ ಬ್ಯಾಡ್ರಿ ಸಾಹೇಬ್ರ. ಸಿಸ್ಟರ್ ಬಾಜೂಕ ಅದಾರ, ಅವರನ್ನ ಕೇಳ್ರಿ.”

ಹುಡುಗ ಕೇಳಿದ. ನರ್ಸಮ್ಮ ರಕ್ತನಾಳ ತೋರಿಸಿದಳು, ಅವನೇ ಚುಚ್ಚಿದ. ಈ ಸಲ ಸರಿಯಾಯಿತು.

ಅದೇ ವಾರ ಮಾವನವರು ತೀರಿಕೊಂಡರು. ಸುದ್ದಿ ಹೇಳಲು ಬೇರೆಯವರನ್ನು ಕಳಿಸದೆ ಆ ಹುಡುಗನೇ ಹೊರಗೆ ಬಂದ. ಅವಸರದಲ್ಲಿ ಬಿಳಿ ಕೋಟಿನ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದ. ಇದ್ದದ್ದನ್ನು ಇದ್ದಂತೆ ಹೇಳಿದ, ಹೇಳಿದಮೇಲೂ ಹೋಗದೆ ನಮ್ಮ ಜೊತೆ ನಿಂತ. ಮಾವನವರಾಗಿದ್ದರೆ ಮೊದಲು ಆ ಗುಂಡಿಯ ಮಾತೇ ಎತ್ತುತ್ತಿದ್ದರು. ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಅದಕ್ಕೇ ನಾನು ಹೇಳಿದೆ. “ನೀವ ಬಂದ ಹೇಳಿದ್ರಿ. ಛಲೋ ಮಾಡಿದ್ರಿ, ಡಾಕ್ಟರ.”