ಹಾರ ಹಾಕಿದ ಗ್ರೈಂಡರ್

ಗರ್ರೆಂದು ತಿರುಗಿದ ಗ್ರೈಂಡರಿನ ಚಕ್ರ ನಮ್ಮ ಯಜಮಾನರ ಹೊಸ ಶಲ್ಯವನ್ನು ಸುತ್ತಿಕೊಂಡು ಅವರ ಕತ್ತನ್ನು ಎಳೆಯತೊಡಗಿತು. ನನ್ನ ಕೈಯಲ್ಲಿದ್ದ ಆರತಿ ತಟ್ಟೆ ಕೆಳಗೆ ಬಿತ್ತು. ಎಪ್ಪತ್ತರ ದಶಕದ ಒಂದು ಆಯುಧಪೂಜೆ. ರಾಜಾಜಿನಗರದಲ್ಲಿ ಅವರು ಕೆಲಸಕ್ಕಿದ್ದ ಶೆಡ್ಡು. ಕಂಪ್ರೆಸರಿನ ಗಾಳಿಯಿಂದ ಓಡುವ, ಕಬ್ಬಿಣ ಉಜ್ಜುವ ಆ ಗ್ರೈಂಡರಿಗೆ ಅವರು ಸೇವಂತಿಗೆ ಹಾರ ಬಿಗಿಯುವಾಗ, ಚಕ್ರ ಚಾಲೂ ಮಾಡುವ ಹಿಡಿಯ ಮೇಲಿನ ಪಟ್ಟಿ ಒತ್ತಿಹೋಗಿತ್ತು.

ಮೇಸ್ತ್ರಿ ಓಡಿಬಂದು ವಾಲ್ವ್ ತಿರುಗಿಸಿದ ಮೇಲೆಯೇ ಚಕ್ರ ನಿಂತಿದ್ದು.

“ಕಂಪ್ರೆಸರ್ ಆಫ್ ಮಾಡಿದ್ರಲ್ಲ ಅಣ್ಣ!” ಎಂದು ಕಿರುಚಿದೆ.

“ಆಫ್ ಮಾಡಿದ್ರೂ ಟ್ಯಾಂಕಲ್ಲಿ ಗಾಳಿ ಇರತ್ತೆ ಕಣಮ್ಮ. ದಿನಾ ಗ್ರೈಂಡರ್ ಒರೆಸೋಕೆ ಮೊದ್ಲು ಗಾಳಿ ಪೈಪ್ ಕಳಚಿಸ್ತೀನಿ. ಇವತ್ತು ಪೂಜೆ ಅಂತ ಮೈಮರೆತೆ,” ಎನ್ನುತ್ತ ಮೇಸ್ತ್ರಿ ಪೈಪ್ ಕಳಚಿದರು.

ಈಗಲೂ ಹಬ್ಬದ ದಿನ ಮಿಕ್ಸಿಯ ಪ್ಲಗ್ ಕಿತ್ತ ಮೇಲೆಯೇ ನಾನು ಕುಂಕುಮ ಇಡುವುದು. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಯಜಮಾನರೊಬ್ಬರು ನಗುವುದಿಲ್ಲ.